ಕಾಗದಕ್ಕೆ ಇಸ್ತ್ರಿ ಹಾಕುವ ತಾಕ್ ಮಾಲ್‌ಸುನ್

ಮೂವತ್ತೊಂದು ವರ್ಷ ನಾನು ಹೋಬಳಿ ಕಚೇರಿಯ ಗುಮಾಸ್ತ. ಅಷ್ಟು ವರ್ಷಗಳಲ್ಲಿ ತಂಟೆ ತರುವ ಒಂದೇ ಒಂದು ಕಾಗದಕ್ಕೂ ನನ್ನ ಬೆರಳು ಸೋಕಲಿಲ್ಲ. ಈ ಮಾತನ್ನು ಕೊರಿಯಾದ ಬೇರೆ ಯಾವ ಸರ್ಕಾರಿ ನೌಕರ ಹೇಳಿದರೂ ನೀವು ನಂಬಬೇಕಾಗಿಲ್ಲ. ಕೂ ಬೊಂಗ್‌ಚಿಲ್ ಹೇಳಿದರೆ ನಂಬಬೇಕು.

ನನ್ನ ಪದ್ಧತಿ ಸರಳ. ಹೆಂಡತಿ ಒಲೆಯ ಮೇಲೆ ಮೀನು ಮಗುಚುತ್ತಿದ್ದ ಬಿದಿರಿನ ಚಿಮಟವೊಂದನ್ನು ಕಚೇರಿಗೆ ತಂದಿಟ್ಟುಕೊಂಡಿದ್ದೆ. ಅರ್ಜಿ ತಂದವರು ಅದನ್ನು ಮೇಜಿನ ಮೇಲಿನ ತಟ್ಟೆಯಲ್ಲಿಡಬೇಕು. ನಾನು ಚಿಮಟದಲ್ಲಿ ಎತ್ತುತ್ತಿದ್ದೆ, ಅಡಿಕೋಲಿನ ತುದಿಯಲ್ಲಿ ಪುಟ ತಿರುವುತ್ತಿದ್ದೆ. ಯಾಕೆಂದರೆ ಸರ್ಕಾರದಲ್ಲಿ ಕಾಗದ ಬರೆದವನದಲ್ಲ, ಓದಿದವನದೂ ಅಲ್ಲ, ಮುಟ್ಟಿದವನದು. ನಾಳೆ ಯಾರಾದರೂ 'ಇದು ಯಾರ ಕೈಗೆ ಬಂದಿತ್ತು?' ಎಂದು ಕೇಳಿದರೆ, ಕೈಗೇ ಬಂದಿಲ್ಲವಲ್ಲ! ಊರವರು ನನಗೆ ಚಿಮಟ ಕೂ ಎಂದು ಹೆಸರಿಟ್ಟಿದ್ದರು. ನಿವೃತ್ತನಾದ ದಿನ ನನ್ನ ಬೆರಳುಗಳು ಹಸುಗೂಸಿನ ಬೆರಳಿನಷ್ಟು ಹೊಸದಾಗಿದ್ದವು. ಸರ್ಕಾರ ಬಯಸಿದ್ದರೆ ಅವನ್ನು ವಾಪಸು ಪಡೆದು ಇನ್ನೊಬ್ಬ ಗುಮಾಸ್ತನಿಗೆ ಜೋಡಿಸಬಹುದಿತ್ತು.

ಒಂದೇ ಒಂದು ಸಲ ನನ್ನ ಹತ್ತೂ ಬೆರಳು ಕಾಗದ ಮುಟ್ಟಿದ್ದು ಎಪ್ಪತ್ತೈದನೇ ಇಸವಿಯಲ್ಲಿ. ಗುರುತಿನ ಚೀಟಿಗಾಗಿ ಊರಿಗೆ ಊರೇ ಬಂದು ಹತ್ತು ಬೆರಳ ಮಸಿ ಒತ್ತಬೇಕೆಂದು ಹುಕುಂ ಬಂದಿತ್ತು. ನಾಲ್ಕು ಸಾವಿರ ಜನರ ನಲವತ್ತು ಸಾವಿರ ಬೆರಳುಗಳನ್ನು ನಾನೇ ಹಿಡಿದು ರೊಟ್ಟಿ ಲಟ್ಟಿಸಿದಂತೆ ಉರುಳಿಸಿದೆ. ಕೊನೆಗೆ ನನ್ನವನ್ನೂ. ಆ ಕಾಗದದಿಂದ ತಂಟೆ ಬರುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

ನಾನು ಹೇಳಹೊರಟದ್ದು ನನ್ನ ಕಥೆಯಲ್ಲ, ನನ್ನ ಗೋಡೆಯಾಚೆಯ ಶತ್ರುವಿನದು. ಅವಳ ಹೆಸರು ತಾಕ್ ಮಾಲ್‌ಸುನ್. ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ. ಆ ಗೋಡೆಗೆ ಒರಗಿಸಿ ಅವಳು ಅಡುಗೆಗೆ ಹನಿಹನಿ ಹಾಕುವ ಮೀನಿನ ಸಾರಿಗಾಗಿ ಆರು ಜಾಡಿ ಮೀನನ್ನು ಉಪ್ಪಿನಲ್ಲಿ ಕೊಳೆಹಾಕಿದ್ದಳು. ಅದರ ವಾಸನೆಗೆ ನಮ್ಮ ಗೋಡೆಯ ಗಡಿಯಾರ ದಿನಕ್ಕೆ ಹತ್ತು ನಿಮಿಷ ಹಿಂದೆ ಬೀಳುತ್ತಿತ್ತು.

ಅವಳು ಮೀನಿನ ಸಾರು ಮಾಡುವವನ ಏಳನೆಯ ಮಗಳು. ಆರನೆಯದೂ ಹೆಣ್ಣಾದಾಗಲೇ ಅಪ್ಪನಿಗೆ ಸಾಕಾಗಿತ್ತು. ಏಳನೆಯದಕ್ಕೆ 'ಕೊನೆಯದಾಗಲಿ' ಎಂಬರ್ಥ ಬರುವ ಹೆಸರಿಟ್ಟು ಕೈ ತೊಳೆದುಕೊಂಡ. ಎಂಟನೆಯದೂ ಹೆಣ್ಣೇ ಆಯಿತು, ಅದು ಬೇರೆ ಮಾತು. ಮಾಲ್‌ಸುನ್ ಗಂಡನನ್ನು ಕಳೆದುಕೊಂಡ ಮೇಲೆ ಜಿಲ್ಲೆಯ ಪೊಲೀಸರ ಗುರುತು ಪತ್ತೆ ಕೋಣೆಗೆ ಕಸ ಗುಡಿಸಲು ಸೇರಿಕೊಂಡಳು. ಅಲ್ಲಿದ್ದ ಗಂಡಸರಿಗೆ ಆ ಕೋಣೆಯೆಂದರೆ ಬೇಸರ. ಬೆಳ್ಳಿ ಉಪ್ಪಿನ ದ್ರಾವಣ ಅಂಗಿಯ ಮೇಲೆ ಕರಿ ಕಲೆ ಮಾಡುತ್ತಿತ್ತು, ಅಯೋಡಿನ್ ಹೊಗೆ ಗಂಟಲು ಕೆರೆಯುತ್ತಿತ್ತು.

ಸೇರಿದ ಮೂರನೇ ತಿಂಗಳು ಒಂದು ಸೀಸೆ ಕೈಜಾರಿ ಒಡೆಯಿತು. ಇವಳು ಬರಿಗೈಯಲ್ಲಿ ಚಿಂದಿ ಹಿಡಿದು ಒರೆಸಿದಳು. ಮರುದಿನ ಅವಳ ಕೈ ಬದನೆಕಾಯಿಯ ಬಣ್ಣ. ಚಿಂದಿಯೂ ಹಾಗೇ, ಆದರೆ ಇಡೀ ಚಿಂದಿಯಲ್ಲ. ಅವಳ ಬೆರಳು ಎಲ್ಲೆಲ್ಲಿ ಒತ್ತಿತ್ತೋ ಅಲ್ಲಷ್ಟೇ. ಬೇರೆ ಯಾರಾದರೂ ಆಗಿದ್ದರೆ ಸಾಬೂನು ಕೇಳುತ್ತಿದ್ದರು. ಇವಳು ಕೇಳಿದ್ದು, "ಸಾರ್, ಇದು ಬೆರಳನ್ನೇ ಯಾಕೆ ಹುಡುಕ್ಕೊಂಡು ಹೋಯ್ತು?"

ಅಲ್ಲಿದ್ದ ರಸಾಯನದ ಅಧಿಕಾರಿ ನಗುತ್ತಲೇ ಹೇಳಿಕೊಟ್ಟನಂತೆ. ಸೀಸೆಯಲ್ಲಿದ್ದದ್ದು ನಿನ್‌ಹೈಡ್ರಿನ್ ಎಂಬ ಬಿಳಿ ಪುಡಿಯನ್ನು ಕರಗಿಸಿದ ನೀರು. ನಮ್ಮ ಬೆವರಿನಲ್ಲಿ ಉಪ್ಪು ಮಾತ್ರವಲ್ಲ, ಮೈಯ ಮಾಂಸ ಕಟ್ಟಿದ ಸಣ್ಣ ಸಣ್ಣ ಇಟ್ಟಿಗೆಗಳೂ ಇರುತ್ತವೆ. ಅವನ್ನು ಕಂಡರೆ ಈ ಪುಡಿ ನೇರಳೆಯಾಗುತ್ತದೆ. ಗಾಜಿನ ಮೇಲಾದರೆ ಜಿಡ್ಡಿಗೆ ಪುಡಿ ಉದುರಿಸಿದರೆ ಸಾಕು. ಕಾಗದ ಹಾಗಲ್ಲ, ಅದು ಬೆವರನ್ನು ಕುಡಿದುಬಿಡುತ್ತದೆ. ಕುಡಿದದ್ದನ್ನು ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ, ನಮ್ಮ ಅತ್ತೆಯಂದಿರು ಮಾತು ಇಟ್ಟುಕೊಂಡ ಹಾಗೆ.

ಇವಳು ಮನೆಗೆ ಹೋಗಿ ಅಪ್ಪನ ಜಾಡಿಯ ಮೀನಿನ ಸಾರನ್ನು ಒಂದು ಹನಿ ಕಾಗದಕ್ಕೆ ಹಾಕಿ, ಮರುದಿನ ತಂದು ಆ ದ್ರಾವಣದಲ್ಲಿ ಅದ್ದಿದಳು. ಕಡುನೇರಳೆ. "ಬೆವರೂ ಮೀನ್ಸಾರೂ ಒಂದೇ ಮನೆತನ" ಎಂದು ಅವಳು ತೀರ್ಮಾನಿಸಿದ್ದು ಆಗ. ಗಂಡಸರು ಕಾಗದಗಳನ್ನು ಒಣ ಬಿಸಿಗೆ ಹಿಡಿದು, ಬಣ್ಣ ಪೇಲವವಾಯಿತೆಂದು ಗೊಣಗುತ್ತಿದ್ದರು. ಇವಳು ಮನೆಯಿಂದ ಅಕ್ಕಿಕಡುಬಿನ ಹಬೆಪಾತ್ರೆ ತಂದು ಅದರ ಹಬೆಯಲ್ಲಿ ಕಾಗದ ತೂಗುಹಾಕಿದಳು. ಹಬೆ ತಾಕಿದ್ದೇ ಗೆರೆಗಳು ಎದ್ದು ನಿಂತವು. ಅದಾದ ಮೇಲೆ ಕಚೇರಿಯವರು ಅವಳಿಗೆ ಹಬೆ ಉಗುಳುವ ಇಸ್ತ್ರಿಪೆಟ್ಟಿಗೆಯೊಂದನ್ನು ಕೊಂಡುಕೊಟ್ಟರು, ಹತ್ತು ವರ್ಷ ಕಳೆದ ಮೇಲೆ ಸಹಾಯಕಿ ಎಂಬ ಹುದ್ದೆಯನ್ನೂ ಕೊಟ್ಟರು. ನಾನು ಕೊಟ್ಟದ್ದು ಇಸ್ತ್ರಿಯಮ್ಮ ಎಂಬ ಬಿರುದು. ಊರಲ್ಲಿ ನಿಂತದ್ದು ನಾನು ಕೊಟ್ಟದ್ದೇ.

ದ್ರಾವಣ ಬೆರೆಸುವಾಗ ಚೆಲ್ಲಿ ಚೆಲ್ಲಿ ಅವಳ ಬೆರಳತುದಿಗಳು ಸದಾ ನೇರಳೆ. ಸಂತೆಯಲ್ಲಿ ಎಲೆಕೋಸಿನವಳು ಇವಳಿಗೆ ಕೋಸು ಮುಟ್ಟಲು ಬಿಡುತ್ತಿರಲಿಲ್ಲ; ದೂರದಿಂದಲೇ ತೋರಿಸಬೇಕು. ಒಮ್ಮೆ ನಮ್ಮ ಮನೆಯಲ್ಲಿ ಚಳಿಗಾಲದ ಉಪ್ಪಿನಕಾಯಿ ಹಾಕುವ ದಿನ ಸಹಾಯಕ್ಕೆಂದು ಬಂದಳು. ನನ್ನ ಹೆಂಡತಿಯ ಪ್ರಕಾರ ಐವತ್ತು ಕೋಸೂ ನೇರಳೆಯಾದವು. ನಾನು ಎಣಿಸಿದ್ದು ಎಂಬತ್ತು.

"ಅಮ್ಮಾ, ನಿನ್ನ ಕೈ ತೊಳೆದ್ಯೋ ಇಲ್ವೋ?" ಎಂದೆ.

"ಈ ಬಣ್ಣ ನನ್ನ ತೊಗಲಿಂದು, ಕೋಸಿಗೆ ಹತ್ತಲ್ಲ" ಎಂದಳು. "ನಿಮ್ಮ ಕೈ ಶುದ್ಧವಾಗಿದೆ ಅಲ್ವಾ ಗುಮಾಸ್ತ್ರೆ? ಬನ್ನಿ, ನೀವೇ ಹಾಕಿ ಉಪ್ಪು."

ನಾನು ಚಿಮಟ ಹುಡುಕಿಕೊಂಡು ಒಳಗೆ ಹೋದೆ. ಆ ದಿನದಿಂದ ಗೋಡೆಯ ಎರಡೂ ಕಡೆ ಯುದ್ಧ. ತಮಾಷೆಯೆಂದರೆ, ಇಡೀ ಜಿಲ್ಲೆಯಲ್ಲಿ ಕಾಗದವನ್ನು ಚಿಮಟದಲ್ಲಿ ಹಿಡಿಯುವವರು ನಾವಿಬ್ಬರೇ. ಬೆರಳು ಬೀಳಬಾರದೆಂದು ನಾನು, ಬಿದ್ದ ಬೆರಳು ಕೆಡಬಾರದೆಂದು ಅವಳು.

ಈಗ ನಮ್ಮಿಬ್ಬರ ನಡುವೆ ಬಂದ ಒಂದು ಅರ್ಜಿಯ ವಿಷಯ. ನಮ್ಮ ಹೋಬಳಿಯ ಪಡುವಣಕ್ಕೆ ಸಮುದ್ರ ಇಳಿದಾಗ ಎರಡು ಮೈಲಿ ಕೆಸರು ಬಯಲು ತೆರೆದುಕೊಳ್ಳುತ್ತದೆ. ಅದರಲ್ಲೊಂದು ತುಂಡಿನಲ್ಲಿ ಪ್ಯೊನ್ ಅಜ್ಜಿ ಐವತ್ತೈದು ವರ್ಷದಿಂದ ಕಪ್ಪೆಚಿಪ್ಪು ಹೆಕ್ಕುತ್ತಿದ್ದಳು. ಎಪ್ಪತ್ತೈದರಲ್ಲಿ ಅವಳ ಬೆರಳುಗಳನ್ನು ಮಸಿಗೆ ಒತ್ತಿ ಉರುಳಿಸಿದಾಗ ಕಾಗದದ ಮೇಲೆ ಬರಿ ಕರಿ ಬೊಟ್ಟು. ಚಿಪ್ಪು ತರಚಿ ತರಚಿ ಗೆರೆಯೇ ಉಳಿದಿರಲಿಲ್ಲ.

"ಅಜ್ಜೀ, ನಿನ್ ಬೆರಳು ಎಲ್ಲಿ?" ಎಂದಿದ್ದೆ.

"ಸಮುದ್ರದಾಗೆ ಬಿಟ್ಟೀನಿ ಕಣಪ್ಪಾ. ಇಳಿತ ಬಂದಾಗ ಹೋಗಿ ಹುಡುಕ್ಕೋ" ಎಂದಿದ್ದಳು.

ಆ ಬಯಲಿಗೆ ಒಡ್ಡು ಕಟ್ಟಿ ಮಣ್ಣು ತುಂಬಿ ಗೋದಾಮು ಮಾಡುತ್ತೇವೆಂದು ಒಂದು ಕಂಪನಿ ಬಂತು. ಹಳೆಯ ಹಕ್ಕಿನವರು ಅಕ್ಟೋಬರ್ ಕೊನೆಯೊಳಗೆ ಹೋಬಳಿ ಕಚೇರಿಗೆ ತಕರಾರು ಅರ್ಜಿ ಕೊಡಬೇಕು. ಕೊಟ್ಟವರ ಬಯಲು ಬಿಟ್ಟು ಮಿಕ್ಕದ್ದಕ್ಕೆ ಮಣ್ಣು. ಸುಗ್ಗಿ ಹುಣ್ಣಿಮೆಯ ಹಬ್ಬ ಮುಗಿದ ವಾರದಲ್ಲೇ ಅಜ್ಜಿ ಯಾರ ಹತ್ತಿರವೋ ಬರೆಸಿಕೊಂಡು ಬಂದಳು. ಆದರೆ ಅವಳ ತುಂಡು ಒಡ್ಡಿನ ಬಾಯಲ್ಲೇ ಇತ್ತು. ಹೋಬಳಿಯ ಮುಖ್ಯಸ್ಥ ಮೆಂಗ್ ಸಾಹೇಬರು ಅರ್ಜಿ ನೋಡಿ ನನಗೆ ಹೇಳಿದ್ದು ಇಷ್ಟೇ: "ಕೂ, ಇದನ್ನ ದಾಖಲೆಗೆ ಏರಿಸ್ಬೇಡಿ. ಎಲ್ಲಾದ್ರೂ ಇರ್ಲಿ."

ನಾನು ಅದನ್ನು ಚಿಮಟದಲ್ಲಿ ಎತ್ತಿ ಬೀರುವಿನ ಹಿಂದಿನ ಸಂದಿಗೆ ಬಿಟ್ಟೆ. ಎಲ್ಲಾದರೂ ಇರಲಿ ಅಂದರು, ಇತ್ತು. ಡಿಸೆಂಬರಿನಲ್ಲಿ ನಿವೃತ್ತನಾದೆ. ನಮ್ಮಲ್ಲಿ ನಡೆದ ಒಲಿಂಪಿಕ್ಸ್‌ಗೆ ಹಿಂದಿನ ವರ್ಷ ಅದು. ದೇಶವೆಲ್ಲ ಸುಣ್ಣಬಣ್ಣ ಬಳಿದುಕೊಳ್ಳುತ್ತಿತ್ತು. ಏಪ್ರಿಲ್‌ನಲ್ಲಿ ಬಣ್ಣ ಬಳಿಯುವವರು ಬೀರು ಸರಿಸಿದಾಗ ಅರ್ಜಿ ಸಿಕ್ಕಿತು. ಅಷ್ಟರಲ್ಲಿ ಅಜ್ಜಿ ಕೋರ್ಟಿಗೆ ಹೋಗಿದ್ದಳು; ಬಣ್ಣದವರು ಕೈಗವಸು ಹಾಕಿದ ಕೈಯಲ್ಲೇ ಅದನ್ನು ಅಜ್ಜಿಯ ವಕೀಲನಿಗೆ ಕೊಟ್ಟರು, ಅವನು ಲಕೋಟೆಯಲ್ಲಿಟ್ಟು ಕೋರ್ಟಿಗೆ ಒಪ್ಪಿಸಿದ.

ಮೆಂಗ್ ಸಾಹೇಬರು ಪ್ರಮಾಣ ಮಾಡಿ ಹೇಳಿದರು, ಅರ್ಜಿ ಬಂದೇ ಇರಲಿಲ್ಲ, ತಾವು ಕಂಡೇ ಇಲ್ಲ, ಆಮೇಲೆ ಯಾರೋ ತಂದು ತುರುಕಿದ್ದಾರೆ ಎಂದು. ನಾನೂ ಪ್ರಮಾಣ ಮಾಡಿದೆ. 'ಕಂಡಿಲ್ಲ' ಎಂದಿದ್ದು ಸುಳ್ಳು, ಒಪ್ಪುತ್ತೇನೆ. ಆದರೆ 'ಮುಟ್ಟಿಲ್ಲ' ಎಂದಾಗ ಎದೆ ಉಬ್ಬಿಸಿ ಹೇಳಿದೆ, ಯಾಕೆಂದರೆ ಅದು ನಿಜವೆಂದೇ ನಂಬಿದ್ದೆ. ಅಜ್ಜಿಯ ಸಹಿಯ ಜಾಗದಲ್ಲಿ ಕೆಂಪು ಮಸಿಯ ಹೆಬ್ಬೆಟ್ಟಿತ್ತು, ಗೆರೆಯೇ ಇಲ್ಲದ ಹೆಬ್ಬೆಟ್ಟು. "ಇದು ಬೆರಳೋ ಟೊಮೆಟೊ ಹೋಳೋ?" ಎಂದು ಸಾಹೇಬರ ವಕೀಲ ಕೇಳಿದಾಗ ಕೋರ್ಟು ನಕ್ಕಿತು. ಅಜ್ಜಿಗೆ ಉಳಿದದ್ದು ಒಂದೇ ದಾರಿ. ಆ ಕಾಗದವನ್ನು ನಾವು ಮುಟ್ಟಿದ್ದೇವೆಂದು ಕಾಗದವೇ ಹೇಳಬೇಕು. ಇಲ್ಲದಿದ್ದರೆ ಜೂನ್ ಕೊನೆಗೆ ಒಡ್ಡು ಮುಚ್ಚುತ್ತದೆ, ಅವಳ ಕೆಸರಿನ ಮೇಲೆ ಮಣ್ಣು ಬೀಳುತ್ತದೆ. ನ್ಯಾಯಾಧೀಶರು ಅರ್ಜಿಯನ್ನು ಗುರುತು ಪತ್ತೆ ಕೋಣೆಗೆ ಕಳಿಸಿದರು. ಅಂದರೆ ಇಸ್ತ್ರಿಯಮ್ಮನ ಇಸ್ತ್ರಿಪೆಟ್ಟಿಗೆಯ ಅಡಿಗೆ.

ಮೆಂಗ್ ಸಾಹೇಬರು ನನ್ನನ್ನು ಕರೆದು ಹುಲ್ಲಿನ ಹಗ್ಗದಲ್ಲಿ ಹೆಣೆದ ಉಪ್ಪುಮೀನಿನ ಮಾಲೆಯೊಂದನ್ನು ಕೊಟ್ಟರು. ಹಬ್ಬಕ್ಕೆ ದೊಡ್ಡವರ ಮನೆಗೆ ಕಳಿಸುವಂಥದ್ದು. ಒಂದೊಂದು ಮೀನೂ ಮಂತ್ರಿಯಷ್ಟು ದಪ್ಪ. "ನಿಮ್ಮ ಪಕ್ಕದ್ಮನೆಯವಳಲ್ವಾ? ಸ್ಪಷ್ಟವಾಗಿಲ್ಲ ಅಂತ ಬರೆದ್ರೆ ಸಾಕು" ಎಂದರು. ನನ್ನ ಬೆರಳು ಅದರ ಮೇಲಿಲ್ಲವೆಂಬ ಧೈರ್ಯ ನನಗಿತ್ತು. ಸಾಹೇಬರಿಗೆ ತಮ್ಮದರ ಬಗ್ಗೆ ಅಷ್ಟು ಧೈರ್ಯವಿದ್ದಂತೆ ಕಾಣಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಅಂಗಳದಲ್ಲಿ ಜಾಡಿಗಳ ಮುಚ್ಚಳ ತೆಗೆದು ಬಿಸಿಲು ತೋರಿಸುತ್ತಿದ್ದಳು. ಕಾಗದ ಸುತ್ತಿದ ಮೀನಿನ ಮಾಲೆಯನ್ನು ಜಗುಲಿಯ ಮೇಲಿಟ್ಟೆ.

"ಹದಿನಾಲ್ಕು ವರ್ಷದಲ್ಲಿ ನಮ್ಮನೆಗೆ ಒಂದು ಮೂಲಂಗಿ ಕೊಟ್ಟಿಲ್ಲ ನೀವು" ಎಂದಳು. "ಇವತ್ತು ಮೀನಿನ ಮೆರವಣಿಗೆ."

"ಮೆಂಗ್ ಸಾಹೇಬ್ರು ಕಳ್ಸಿದಾರೆ. ಆ ಕಾಗದ ಎಂಟು ತಿಂಗಳು ಹಳೇದು. ಬೆವರು ಯಾವತ್ತೋ ಆರಿರತ್ತೆ. ಇಲ್ಲದ್ದನ್ನ ಹುಡುಕಿ ಕಣ್ಣು ಯಾಕೆ ಹಾಳ್ಮಾಡ್ಕೋತೀರಿ ಅಂತ."

"ನೀರು ಆರತ್ತೆ ಗುಮಾಸ್ತ್ರೆ. ಸಾರ ಆರಲ್ಲ, ನಾರಿಗಿಳಿದು ಕೂತ್ಕೊಳ್ಳತ್ತೆ. ನಮ್ಮಪ್ಪನ ಅಂಗಡಿ ಲೆಕ್ಕದ ಪುಸ್ತಕ, ಅವನು ಸತ್ತು ಇಪ್ಪತ್ತು ವರ್ಷ ಆದ್ಮೇಲೆ ಅದ್ದಿ ನೋಡಿದೀನಿ. ಅಪ್ಪ ಎದ್ದು ಬಂದ."

"ಬಂದು ಏನಂದ? ಎಂಟನೇದೂ ಹೆಣ್ಣೇ ಆಯ್ತಲ್ಲ ಅಂದ್ನಾ?"

"ಪಕ್ಕದ್ಮನೇಲಿ ಎಂಥವ್ರು ಬಂದಿದಾರೆ ಅಂತ ಕೇಳ್ದ. ನಾಚಿಕೆಯಾಗಿ ಹೇಳ್ಲಿಲ್ಲ." ಅವಳು ಮುಚ್ಚಳ ಕೆಳಗಿಟ್ಟು ನೇರಳೆ ಬೆರಳಲ್ಲಿ ಮಾಲೆ ತೋರಿಸಿದಳು. "ಮೀನು ವಾಪಸ್ ತಗೊಂಡ್ಹೋಗಿ. ಸುತ್ತಿದ ಕಾಗದ ಮಾತ್ರ ಇಟ್ಟೋಗಿ."

"ಕಾಗದ ಯಾಕೆ?"

"ಸುಮ್ನೆ. ಯಾರ್ಯಾರು ಹಿಡ್ಕೊಂಡು ಬಂದ್ರು ಅಂತ ನೋಡೋಣ ಅಂತ."

ನಾನು ಆ ಕಾಗದವನ್ನು ಮೀನಿನಿಂದ ಎಷ್ಟು ಬೇಗ ಕಿತ್ತೆನೆಂದರೆ, ಸತ್ತ ಮೀನುಗಳು ಒಮ್ಮೆ ಬಾಯಿ ತೆರೆದು ಮುಚ್ಚಿದವು. ಮಡಿಸಿ ಜೇಬಿಗೆ ತುರುಕಿದೆ.

"ಇಷ್ಟು ದಿನ ನೀವು ಚಿಮಟದೋರು ಅಂದ್ಕೊಂಡಿದ್ದೆ" ಎಂದಳು ಅವಳು.

"ಮೀನಿನ ಕಾಗದ ಬೇರೆ, ಸರ್ಕಾರಿ ಕಾಗದ ಬೇರೆ. ಆ ಅರ್ಜಿ ಮೇಲೆ ನನ್ನ ಬೆರಳು ತೋರ್ಸಿ, ನಿಮ್ಮ ಆರೂ ಜಾಡಿ ಸಾರು ನಾನೇ ಕುಡೀತೀನಿ."

"ನ್ಯಾಯಾಧೀಶ್ರಿಗೆ ಬರೆದು ಕೊಟ್ಟಿದೀನಿ, ನೀವು ನನ್ನ ಪಕ್ಕದ್ಮನೆಯೋರು, ನಮ್ಗೂ ನಿಮ್ಗೂ ಆಗಲ್ಲ ಅಂತ. ಹಾಗಾದ್ರೆ ಎರಡೂ ಕಡೆಯೋರ ಎದುರಿಗೇ ಮಾಡಿ ಅಂದಿದಾರೆ. ಬುಧವಾರ ಹತ್ತು ಗಂಟೆಗೆ ಬನ್ನಿ. ಲೋಟ ನೀವೇ ತನ್ನಿ."

ಬುಧವಾರ ಹೋದೆ. ಮೆಂಗ್ ಸಾಹೇಬರು, ಅವರ ವಕೀಲ, ಅಜ್ಜಿ, ಅವಳ ವಕೀಲ, ಕೋರ್ಟಿನ ಗುಮಾಸ್ತ, ಬೆರಳು ಓದುವ ಪೊಲೀಸ್ ಅಧಿಕಾರಿಯೊಬ್ಬ. ಎಲ್ಲರೂ ಗೋಡೆಗೊರಗಿ ನಿಂತಿದ್ದೆವು. ಅಜ್ಜಿಗೆ ಮಾತ್ರ ಕುರ್ಚಿ. ಅಧಿಕಾರಿಯ ಎದುರು ಎಪ್ಪತ್ತೈದರ ಮೂರು ಬೆರಳಚ್ಚಿನ ಚೀಟಿಗಳು: ಅಜ್ಜಿಯದು, ಸಾಹೇಬರದು, ನನ್ನದು. ಮೂರನ್ನೂ ಒತ್ತಿಸಿದವನು ನಾನೇ. ನನ್ನ ಚೀಟಿಯಂತೂ ಬಹಳ ಅಚ್ಚುಕಟ್ಟು.

ತಾಕ್ ಅಮ್ಮ ಬಿಳಿ ನಿಲುವಂಗಿ ತೊಟ್ಟಿದ್ದಳು. ಲಕೋಟೆಯಿಂದ ಅರ್ಜಿಯನ್ನು ಚಿಮಟದಲ್ಲಿ ಎತ್ತಿದಾಗ, ಒಪ್ಪಿಕೊಳ್ಳಬೇಕು, ನನಗಿಂತ ಚೆನ್ನಾಗಿ ಹಿಡಿದಳು. ಬರವಣಿಗೆಯ ಶಾಯಿ ಹರಡದಂಥ ದ್ರಾವಣ ಬೆರೆಸಿದ್ದೇನೆಂದು ಕೋರ್ಟಿನ ಗುಮಾಸ್ತನಿಗೆ ಹೇಳಿ, ಚಪ್ಪಟೆ ತಟ್ಟೆಯಲ್ಲಿ ಕಾಗದವನ್ನು ಒಮ್ಮೆ ಅದ್ದಿ ತೆಗೆದಳು. ಎರಡು ನಿಮಿಷದಲ್ಲಿ ಆರಿತು. ಏನೂ ಇಲ್ಲ. ಬಿಳಿ ಕಾಗದ, ನೀಲಿ ಅಕ್ಷರ, ಕೆಂಪು ಟೊಮೆಟೊ ಹೋಳು.

"ಮುಗೀತಲ್ಲ" ಎಂದರು ಮೆಂಗ್ ಸಾಹೇಬರು.

"ಅದನ್ನ ಅದರ ಪಾಡಿಗೆ ಕತ್ತಲಲ್ಲಿ ಒಂದೆರಡು ದಿನ ಬಿಟ್ರೆ ತಾನೇ ಬರತ್ತೆ" ಎಂದಳು ತಾಕ್ ಅಮ್ಮ. "ದೊಡ್ಡೋರಿಗೆ ಪುರುಸೊತ್ತಿಲ್ಲ ಅಂತ ಇಸ್ತ್ರಿ ಇದೆ."

ಇಸ್ತ್ರಿಪೆಟ್ಟಿಗೆಯನ್ನು ಕಾಗದಕ್ಕೆ ತಾಕಿಸದೆ ಬೆರಳಗಲ ಎತ್ತರದಲ್ಲಿ ಹಿಡಿದು ಹಬೆ ಬಿಟ್ಟಳು. ಮೇಲಿನ ಅಂಚಿನಲ್ಲಿ ಮೊದಲು ಎರಡು ಮಾಸಲು ಕಲೆ ಎದ್ದವು, ತೊಳೆದ ಬಟ್ಟೆಯಲ್ಲಿ ಉಳಿದ ಕರೆಯ ಹಾಗೆ. ಗೆರೆಯೇ ಇಲ್ಲ, ಒಂದರ ಮೇಲೆ ಅಡ್ಡ ಗಾಯದ ಗುರುತು. ಅಜ್ಜಿ ಕುರ್ಚಿಯಿಂದೆದ್ದು ತನ್ನ ಎಡ ಹೆಬ್ಬೆರಳು ಎತ್ತಿ ಹಿಡಿದಳು. ಚಿಪ್ಪು ಬಿಡಿಸುವ ಚೂರಿಯ ಗಾಯ ಅಲ್ಲಿತ್ತು. "ಒಂದು ಗಾಯ ಯಾರಿಗೂ ಆಗ್ಬಹುದು" ಎಂದ ಸಾಹೇಬರ ವಕೀಲ.

ಹಬೆ ಕೆಳಗಿಳಿಯಿತು. ಕೆಳಗಿನ ಅಂಚಿನಲ್ಲಿ, ಎಡಕ್ಕೊಂದು ಬಲಕ್ಕೊಂದು, ಎರಡು ಹೆಬ್ಬೆರಳು ಮೂಡತೊಡಗಿದವು. ಮೂಡತೊಡಗಿದವು ಎಂದರೆ ತಪ್ಪಾದೀತು. ನೇರಳೆಹಣ್ಣನ್ನು ಕಾಗದದ ಮೇಲಿಟ್ಟು ಆನೆ ತುಳಿದಂತೆ ಸಿಡಿದವು. ಒಂದೊಂದು ಗೆರೆಯೂ ಉತ್ತ ಹೊಲದ ಸಾಲಿನಷ್ಟು ಸ್ಪಷ್ಟ. ಬೀದಿಯಾಚೆಯ ಕಟ್ಟಡದಿಂದಲೂ ಓದಬಹುದಿತ್ತು.

"ಅಬ್ಬಾ" ಎಂದಿತು ಅಧಿಕಾರಿಯ ಬಾಯಿ. "ಇಷ್ಟು ಗಾಢ ಬಣ್ಣ ನಾನು ನೋಡೇ ಇಲ್ಲ."

"ಬರೀ ಬೆವರಿಗೆ ಇಷ್ಟು ಬರಲ್ಲ ಸಾರ್" ಎಂದಳು ತಾಕ್ ಅಮ್ಮ, ನನ್ನ ಕಡೆ ನೋಡದೆ. "ಇವ್ರು ಮೇಜಲ್ಲಿ ಕೂತು ಒಣ ಬೊಂಡಾಸ್ ಮೀನು ಸೀಳ್ಕೊಂಡು ಅಗೀತಿದ್ರು ಅನ್ಸತ್ತೆ. ಅದು ಬೆವರಿಗೆ ಅಣ್ಣ ಆಗ್ಬೇಕು."

ನನ್ನ ಮೇಜಿನ ಎರಡನೇ ಖಾನೆಯಲ್ಲಿ ಮೂವತ್ತೊಂದು ವರ್ಷ ಬೊಂಡಾಸ್ ಇರದ ದಿನವಿರಲಿಲ್ಲ. ಗೋಡೆಯಾಚೆಯವಳಿಗೆ ನಾನು ಮನೆಯಲ್ಲಿ ಅಗಿಯುವ ಸದ್ದೂ ಕೇಳಿಸುತ್ತಿತ್ತು.

ಅಧಿಕಾರಿ ಭೂತಗನ್ನಡಿ ಹಿಡಿದು ಮೂರು ಚೀಟಿ ನೋಡಿದ, ಎರಡನ್ನು ಪಕ್ಕಕ್ಕಿಟ್ಟ, ಒಂದನ್ನು ಕಾಗದದ ಹತ್ತಿರ ತಂದ. ಆಮೇಲೆ ತಲೆಯೆತ್ತಿ, "ಕೂ ಬೊಂಗ್‌ಚಿಲ್ ಯಾರು?" ಎಂದ.

ನಾನು ಹೇಳಿದೆ, "ಸಾಧ್ಯವಿಲ್ಲ. ತಟ್ಟೆಯಲ್ಲಿ ಇಡಿಸ್ಕೊಂಡು ಚಿಮಟದಲ್ಲಿ ಎತ್ತಿದ್ದೆ."

ಹೇಳಿ ಮುಗಿದ ಮೇಲೆ ಹೊಳೆಯಿತು, ಪ್ರಮಾಣ ಮಾಡಿ ಕಂಡೇ ಇಲ್ಲ ಎಂದವನು ಈಗ ಎತ್ತಿದ್ದೆ ಎಂದುಬಿಟ್ಟೆ ಎಂದು. ಕೋರ್ಟಿನ ಗುಮಾಸ್ತ ಬರೆದುಕೊಂಡ. ಅವನು ಬರಿಗೈಯಲ್ಲೇ ಕಾಗದ ಹಿಡಿದಿದ್ದ, ಪಾಪ, ಚಿಕ್ಕ ವಯಸ್ಸು.

"ಎಲ್ಲಿ ತಟ್ಟೆ ಕಣಪ್ಪಾ" ಎಂದಳು ಅಜ್ಜಿ. "ನಾನು ಎರಡು ಕೈಯಾಗೆ ಹಿಡ್ಕೊಂಡು ಬಗ್ಗಿ ಕೊಟ್ಟೆ. ನೀನು ಎದ್ದು ನಿಂತ್ಕೊಂಡು ಎರಡು ಕೈಯಾಗೆ ಇಸ್ಕೊಂಡೆ. ಒಳ್ಳೇ ತಾಯಿ ಹೊಟ್ಟೇಲಿ ಹುಟ್ಟಿದಾನೆ ಅಂದ್ಕೊಂಡೆ."

ಆಗ ನೆನಪಾಯಿತು. ಎಪ್ಪತ್ನಾಲ್ಕು ವರ್ಷದ ಮುದುಕಿ, ಸೊಂಟ ಮಡಚಿ, ಎರಡು ಕೈ ಚಾಚಿ ನಿಂತಿದ್ದಾಳೆ. ತಟ್ಟೆಯಲ್ಲಿಡು ಎನ್ನಲು ಬಾಯಿ ತೆರೆದವನ ಕಾಲು ತಾನಾಗಿ ಎದ್ದಿತ್ತು, ಕೈ ತಾನಾಗಿ ಚಾಚಿತ್ತು. ಹಿರಿಯರ ಕೈಯಿಂದ ಚಿಮಟದಲ್ಲಿ ತೆಗೆದುಕೊಳ್ಳುವ ಮಗನನ್ನು ನಮ್ಮೂರಿನಲ್ಲಿ ಇನ್ನೂ ಯಾರೂ ಹೆತ್ತಿಲ್ಲ. ಕೈ ಮಾಡುವ ಕಳ್ಳತನ ತಲೆಗೆ ಗೊತ್ತಿರುತ್ತದೆ; ಕೈ ಮಾಡುವ ಮರ್ಯಾದೆ ಗೊತ್ತಿರುವುದಿಲ್ಲ.

ತಾಕ್ ಅಮ್ಮ ನಿಲ್ಲಿಸಲಿಲ್ಲ. ಹಬೆಯನ್ನು ಮತ್ತೆ ಮೇಲಿನ ಅಂಚಿಗೆ ಒಯ್ದಳು. ಅಜ್ಜಿಯ ಮಾಸಲು ಕಲೆಗಳ ಪಕ್ಕದಲ್ಲೇ ಅದೇ ಬೊಂಡಾಸಿನ ಹೆಬ್ಬೆರಳುಗಳು, ಎರಡು, ಸ್ವಲ್ಪ ಒಳಗೆ. ಕೊನೆಗೆ ಕೆಳಗಿನ ಬಲಮೂಲೆಯಲ್ಲಿ, ಬೇರೆ ಬೆರಳು. ಒಂದೇ ಒಂದು.

"ಮೇಲಂಚಲ್ಲಿ ಸವೆದ ಹೆಬ್ಬೆರಳು, ಅಕ್ಷರ ತಗೊಳ್ಳೋರ ಕಡೆಗಿರ್ಲಿ ಅಂತ ತಿರುಗಿಸಿ ಕೊಟ್ಟೋರು" ಎಂದಳು, ಪಾಠ ಒಪ್ಪಿಸುವವಳ ಹಾಗೆ. "ಕೆಳಂಚಲ್ಲಿ ಎರಡು, ತಗೊಂಡೋರು. ಅದೇ ಬೆರಳು ಮೇಲಂಚಲ್ಲಿ ಮತ್ತೆ ಎರಡು. ಅವ್ರೂ ತಿರುಗಿಸಿ ತಮಗಿಂತ ದೊಡ್ಡೋರಿಗೆ ಕೊಟ್ಟಿದಾರೆ. ಮೇಲಿನೋರಿಗೆ ಚಿಮಟದಲ್ಲಿ ಕೊಡೋಕಾಗತ್ತಾ? ಇನ್ನು ಈ ಮೂಲೇದು ಒಂಟಿ. ಕುರ್ಚೀಲಿ ಕೂತ್ಕೊಂಡೇ ಒಂದು ಕೈಯಲ್ಲಿ ಇಸ್ಕೊಂಡೋರು. ಯಾರು ಅಂತ ಹೇಳೋ ಕೆಲ್ಸ ನಂದಲ್ಲ, ಸಾರ್ ಹೇಳ್ತಾರೆ."

ಸಾರ್ ಭೂತಗನ್ನಡಿ ಎತ್ತಿಕೊಳ್ಳುವ ಮೊದಲೇ ಮೆಂಗ್ ಸಾಹೇಬರು ಒಂದು ಹೆಜ್ಜೆ ಮುಂದೆ ಬಂದರು.

"ಈ ಕೂ ಯಾವಾಗ್ಲೋ ಒಂದಿನ ಯಾವುದೋ ಕಾಗದದ ಕಂತೆ ತಂದ್ಕೊಟ್ಟಿರ್ಬೇಕು. ಅದರಲ್ಲಿ ಏನಿತ್ತೋ ನನಗೇನು ಗೊತ್ತು? ನವೆಂಬರೋ ಡಿಸೆಂಬರೋ. ಅವಧಿ ಮುಗಿದ ಮೇಲೆ ಬಂದದ್ದನ್ನ ಇವ್ನು ಮುಚ್ಚಿಟ್ಟಿದಾನೆ. ಮೊದಲಿಂದ ಇವ್ನು ಅಂಥೋನೇ. ಚಿಮಟ ಹಿಡ್ಕೊಂಡು ಕೆಲ್ಸ ಮಾಡೋನನ್ನ ಯಾರ್ರೀ ನಂಬ್ತಾರೆ?"

ಅವರ ಮಾತಿನಲ್ಲಿ ಒಂದು ಅಂಶ ನಿಜವಾಗಿತ್ತು: ಬೆರಳು ಯಾರದೆಂದು ಆ ನೇರಳೆ ಹೇಳುತ್ತದೆ, ಯಾವ ದಿನದ್ದೆಂದು ಹೇಳುವುದಿಲ್ಲ. ತಾಕ್ ಅಮ್ಮನನ್ನು ಕೋರ್ಟಿನ ಗುಮಾಸ್ತ ಕೇಳಿದ. "ಇಲ್ಲ, ತಾರೀಕು ಹೇಳೋಕೆ ಬರಲ್ಲ" ಎಂದು ಅವಳು ಇದ್ದದ್ದನ್ನೇ ಹೇಳಿದಳು. ಅಜ್ಜಿಯ ವಕೀಲನ ಮುಖ ಇಳಿಯಿತು. ಒಡ್ಡು ಮುಚ್ಚಲು ಹತ್ತೊಂಬತ್ತು ದಿನ ಉಳಿದಿತ್ತು.

ತಾಕ್ ಅಮ್ಮ ನನ್ನ ಕಡೆ ನೋಡಿದಳು. ಬೇಡಿಕೆಯ ನೋಟವಲ್ಲ ಅದು; ಕೊಳೆತ ಕೋಸನ್ನು ಅಂಗಡಿಯವಳು ಬುಟ್ಟಿಯಿಂದ ಬೇರೆ ಇಡುವ ನೋಟ.

ನಾನು ನಿಜ ಹೇಳಿದ್ದು ಧರ್ಮಕ್ಕಾಗಿ ಎಂದು ಬರೆದರೆ ಈ ಕಾಗದವೂ ನೇರಳೆಯಾದೀತು. ಸಿಟ್ಟಿಗೆ ಹೇಳಿದೆ. ಚಿಮಟದ ಬಗ್ಗೆ ಮಾತಾಡಬಾರದಿತ್ತು ಆ ಮನುಷ್ಯ.

"ಸುಗ್ಗಿ ಹುಣ್ಣಿಮೆ ಮುಗಿದ ವಾರ" ಎಂದೆ. "ಸೋಮವಾರ. ಅಜ್ಜಿ ಅರ್ಜಿ ಜೊತೆ ಹಬ್ಬದ ಅಕ್ಕಿಕಡುಬು ತಂದಿದ್ಲು, ಎಲೆ ಸುತ್ತಿ. ಎಂಟು ಇತ್ತು. ಮೂರು ನಾನು ತಿಂದೆ, ಐದು ಸಾಹೇಬ್ರು ತಿಂದ್ರು. ತಿಂತಾ ಹೇಳಿದ್ರು, ಇದನ್ನ ದಾಖಲೆಗೆ ಏರಿಸ್ಬೇಡಿ ಅಂತ. ಎಳ್ಳಿನ ಹೂರಣ ಅವ್ರ ಟೈ ಮೇಲೆ ಬಿತ್ತು, ಒರೆಸಿಕೊಟ್ಟೋನು ನಾನೇ."

"ಎಂಟಲ್ಲ, ಒಂಬತ್ತು" ಎಂದಳು ಅಜ್ಜಿ.

ಕೋರ್ಟು ಅಜ್ಜಿಯ ಅರ್ಜಿಯನ್ನು ಅವಧಿಯೊಳಗೆ ಬಂದದ್ದೆಂದು ಒಪ್ಪಿತು. ಒಡ್ಡನ್ನು ಅವಳ ತುಂಡಿನ ಆಚೆಗೆ ಸೊಟ್ಟಗೆ ತಿರುಗಿಸಿದರು. ಈಗಲೂ ಬೆಟ್ಟದ ಮೇಲಿಂದ ನೋಡಿದರೆ ಗೋದಾಮಿನ ಗೋಡೆಗೆ ಹಲ್ಲು ಬಿದ್ದ ಬಾಯಿಯ ಹಾಗೆ ಒಂದು ಸಂದಿ, ಅದರ ತುಂಬ ಕೆಸರು. ಮೆಂಗ್ ಸಾಹೇಬರ ಕುರ್ಚಿ ಹೋಯಿತು. ತೀರ್ಪಿಗೆ ಮುಂಚೆ ನಾನೇ ಬಾಯಿಬಿಟ್ಟೆನೆಂದು ನನ್ನ ಸುಳ್ಳು ಪ್ರಮಾಣಕ್ಕೆ ಜೈಲು ಕೊಡದೆ ಬರೀ ಬೈದು ಕಳಿಸಿದರು. ಬೈಗುಳ ಒಂದು ಗಂಟೆ ಹತ್ತು ನಿಮಿಷ ನಡೆಯಿತು. ನಡುವೆ ನ್ಯಾಯಾಧೀಶರು ನೀರು ಕುಡಿದರು.

ಮುಂದಿನ ಭಾನುವಾರ ತಾಕ್ ಅಮ್ಮ ಗೋಡೆಯ ಮೇಲೆ ಒಂದು ಲೋಟ ಇಟ್ಟಳು. ಅದರ ತುಂಬ ಮೀನಿನ ಸಾರು. ಪಂಥ ಪಂಥವೇ. ಆರು ಜಾಡಿಗಳನ್ನೂ ಕುಡಿದೆನೆಂದು ಮೊಮ್ಮಕ್ಕಳಿಗೆ ಹೇಳುತ್ತೇನೆ. ನಿಮಗಾದರೆ, ಒಂದು ಗುಟುಕು. ಕಣ್ಣಲ್ಲಿ ನೀರು ಬಂತು, ಕಿವಿಯಲ್ಲಿ ಸಮುದ್ರ ಕೇಳಿಸಿತು. ಗೋಡೆಗೊರಗಿ ಉಸಿರು ತಿರುಗಿದ ಮೇಲೆ, ಸೋತವನೂ ಒಂದು ಮಾತು ಉಳಿಸಿಕೊಳ್ಳಬೇಕಲ್ಲ ಎಂದು ಹೇಳಿದೆ:

"ಏನೇ ಹೇಳಿ ಇಸ್ತ್ರಿಯಮ್ಮ, ಮೂವತ್ತೊಂದು ವರ್ಷದಲ್ಲಿ ಸಿಕ್ಕಿಬಿದ್ದದ್ದು ಒಂದೇ ಒಂದು ಕಾಗದ."

ಅವಳು ಗೋಡೆಯ ಮೇಲಿಂದ ಲೋಟವನ್ನು ಚಿಮಟದಲ್ಲಿ ಎತ್ತಿಕೊಂಡಳು.

"ಮಿಕ್ಕಿದ್ದಕ್ಕೆ ನಾನಿನ್ನೂ ಇಸ್ತ್ರಿ ಹಾಕಿಲ್ಲ ಗುಮಾಸ್ತ್ರೆ."